ಕರಿದ ಎಣ್ಣೆ

ರಾತ್ರಿ ಹನ್ನೊಂದೂವರೆ. ಶಟರು ಅರ್ಧ ಇಳಿಸಿ
ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಣಿಸುವ ಹೊತ್ತಿಗೆ
ಒಳಗಿಂದ ಕೊಗ್ಗಣ್ಣ ಕೇಳುತ್ತಾನೆ:
'ಇವತ್ತಿನದ್ದು ತೆಗೆಯುವುದಾ, ಇಡುವುದಾ?'

ಕುರ್ಲಾ ಪೂರ್ವ, ನೆಹರೂ ನಗರದ ಮೂಲೆ,
ಹದಿನಾರು ಮೇಜು, ಒಂದು ಬಾಣಲೆ.
ಬೆಳಗಿನ ಉದ್ದಿನವಡೆ, ಮಧ್ಯಾಹ್ನದ ಪೂರಿ,
ಸಂಜೆಯ ಬಟಾಟೆವಡೆ ಮುಳುಗಿ ಎದ್ದ ಎಣ್ಣೆ
ಈಗ ಸುಮ್ಮನಿದೆ. ಬಣ್ಣ? ಹೇಗೆ ಹೇಳಲಿ,
ನೆರೆ ಇಳಿದ ಮರುದಿನದ ಮೀಠೀ ನದಿ.

ಆರು ವರ್ಷ ನಾನು 'ಇಡು' ಅಂದಿದ್ದೇನೆ.
ತಿಳಿಯದೆ ಅಲ್ಲ.
ನಾಳೆಯ ಹೊಸ ಎಣ್ಣೆಗೆ ಹಳೆಯದು ನಾಲ್ಕು ಸೌಟು,
ಹಾಲಿಗೆ ಹೆಪ್ಪು ಹಾಕಿದ ಹಾಗೆ, ಎಂದು ನಗುತ್ತಿದ್ದೆವು.
ಧಣಿಗಳು ಬಾಯಿಬಿಟ್ಟು ಏನೂ ಹೇಳಿದವರಲ್ಲ;
ತಿಂಗಳ ಕೊನೆಗೆ ಎಣ್ಣೆ ಡಬ್ಬಿಗಳ ಲೆಕ್ಕ ನೋಡಿ
ಕನ್ನಡಕ ತೆಗೆದು ಒರೆಸುತ್ತಿದ್ದರು.
ಅಷ್ಟು ಸಾಕು, ಸಂಬಳದವನಿಗೆ.

ಮನೆಯ ವಿಷಯ ಬೇರೆ ಎಂದುಕೊಂಡಿದ್ದೆ.
ಕಳವಾದ ನಮ್ಮ ಒಂದೂವರೆ ಕೋಣೆಯಲ್ಲಿ
ಸುಗಂಧಿ ಅಕ್ಕಿಯನ್ನು ಮೂರು ಸಲ ತೊಳೆಯುತ್ತಾಳೆ,
ಬಂಗುಡೆಯ ಕಿವಿರು ಎತ್ತಿ ನೋಡದೆ ಕೊಳ್ಳುವುದಿಲ್ಲ,
ಮೀನಿನವಳು ಮರಾಠಿಯಲ್ಲಿ ಎಷ್ಟೇ ಬೈಯಲಿ.
ನಾನು ಹೋಟೆಲಿನ ಒಂದು ವಡೆಯನ್ನೂ
ಮನೆಗೆ ತಂದವನಲ್ಲ.
ಯಾಕೆ ತರುವುದಿಲ್ಲ ಎಂದು ಅವಳು ಕೇಳಲಿಲ್ಲ.
ಕೇಳಿದ್ದರೆ, ಆರು ವರ್ಷ ಆಗುತ್ತಿರಲಿಲ್ಲವೋ ಏನೋ.

ಡಿಸೆಂಬರಿನಲ್ಲಿ ಶಾಲೆಗಳ ಕಬಡ್ಡಿ.
ನಮ್ಮ ಹಿಂದಿನ ಮೈದಾನದಲ್ಲೇ.
ಮೊಣಕಾಲಿಗೆ ಮಣ್ಣು ಮೆತ್ತಿದ ಹನ್ನೆರಡು ಹುಡುಗಿಯರು
ಗದ್ದಲವೆಬ್ಬಿಸಿ ಒಳನುಗ್ಗಿದರು.
ಎಲ್ಲರ ಮುಂದೆ ನನ್ನ ಮಗಳು:
'ನಮ್ಮ ಅಪ್ಪನ ಹೋಟೆಲು!'
(ಅಪ್ಪನದ್ದಲ್ಲ. ಆದರೆ ಆ ಗಳಿಗೆಯಲ್ಲಿ
ತಿದ್ದುವ ಮನಸ್ಸಾಗಲಿಲ್ಲ.)
ಹನ್ನೆರಡು ಪ್ಲೇಟು ಬಟಾಟೆವಡೆ, ಅಪ್ಪಾ.

ನಾನು ಹೇಳಿದೆ: 'ವಡೆ ಮುಗಿದಿದೆ ಮಗಾ,
ಇಡ್ಲಿ ತಿನ್ನಿ. ಬಿಸಿ ಇದೆ.'

ಆಗಲೇ ಅವಳ ಮೂಗಿನ ಮುಂದೆಯೇ
ವೇಟರು ಗಿರಿಧರ ಎರಡು ಪ್ಲೇಟು ವಡೆ ಹಿಡಿದು ಹೋದ.
ಕಿಟಕಿ ಪಕ್ಕದ ಮೇಜು.
ಒಬ್ಬ ಮುದುಕ, ಜೊತೆಗೆ ಅವನ ಮೊಮ್ಮಗ,
ಕುರ್ಚಿಯಿಂದ ಕಾಲು ನೆಲ ಮುಟ್ಟದ ಹುಡುಗ.
ಅವನು ವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಊದುತ್ತಿದ್ದ.

ಮಾನ್ವಿ ವಡೆ ನೋಡಿದಳು. ನನ್ನನ್ನು ನೋಡಿದಳು.
'ಅವರಿಗೆ ಮಾತ್ರ ಇದೆಯಾ?' ಅಂದಳು.
ಆಮೇಲೆ ಇಡ್ಲಿ ತಿಂದಳು, ತಲೆ ಎತ್ತದೆ.

ಆ ರಾತ್ರಿ ಕೊಗ್ಗಣ್ಣನಿಗೆ 'ತೆಗೆ' ಅಂದೆ.
ಅಲ್ಲಿಗೆ ಮುಗಿಯಿತೇ? ಇಲ್ಲ.
ತೆಗೆದದ್ದನ್ನು ಕೊಳ್ಳಲು ಇಖ್ಲಾಕ್ ಬರುತ್ತಾನೆ,
ಸೈಕಲ್ಲಿಗೆ ಎರಡು ಕ್ಯಾನು, ಕಿಲೋಗೆ ಐವತ್ತು, ಕೈಗೆ ಕೈ.
ಅದು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು:
ಸೇತುವೆ ಕೆಳಗಿನ ಭಜಿಯ ಗಾಡಿಗೆ,
ಅಲ್ಲಿಂದ ಇನ್ಯಾರದೋ ಮಗುವಿನ ಕೈಗೆ.
ಗುರುವಾರ ಒಂದು ವ್ಯಾನು ಬರುತ್ತದೆ;
ಅವರು ಅದರಿಂದ ಡೀಸೆಲ್ ಮಾಡುತ್ತಾರಂತೆ.
ಮೂವತ್ತೈದೇ ಕೊಡುತ್ತಾರೆ, ಆದರೆ ರಸೀದಿ ಕೊಡುತ್ತಾರೆ.
ಕಿಲೋಗೆ ಹದಿನೈದು ರೂಪಾಯಿ.
ಅಷ್ಟು ದಿನ ನನ್ನ ಮನಸ್ಸಾಕ್ಷಿ ಇನ್ನೂ ಅಗ್ಗಕ್ಕೆ ಹೋಗುತ್ತಿತ್ತು.

ಈ ತಿಂಗಳ ಕೊನೆಗೆ ಧಣಿಗಳು
ಕನ್ನಡಕವನ್ನು ಎರಡು ಸಲ ಒರೆಸಿದರು.
ನಾನು ರಸೀದಿಗಳನ್ನು ಮುಂದಿಟ್ಟೆ.
ನೋಡೋಣ ಅಂದರು. ಒಳ್ಳೆಯ ಮಾತೂ ಅಲ್ಲ, ಕೆಟ್ಟದ್ದೂ ಅಲ್ಲ.
ಮುಂದಿನ ತಿಂಗಳು ನಾನು ಈ ಕುರ್ಚಿಯಲ್ಲಿ ಇರುವೆನೋ ಇಲ್ಲವೋ.
ಸುಗಂಧಿಗೆ ಹೇಳಿದ್ದೇನೆ. ಅವಳು ಅಕ್ಕಿ ತೊಳೆಯುತ್ತಲೇ
'ಹ್ಞೂಂ' ಅಂದಳು; ನೀರು ಬಸಿದು,
ಇನ್ನೊಮ್ಮೆ ತೊಳೆದಳು.

ಕೊಗ್ಗಣ್ಣ ಮಾತ್ರ ಈಗಲೂ ದಿನಾ ಕೇಳುತ್ತಾನೆ,
ತೆಗೆಯುವುದಾ, ಇಡುವುದಾ?
ಹಳೆಯ ಅಭ್ಯಾಸ. ನಾನೂ ದಿನಾ
ಹೊಸದಾಗಿ ಉತ್ತರ ಹೇಳಬೇಕಾಗುತ್ತದೆ.

ನಿನ್ನೆ ಕೊನೆಯ ಲೋಕಲ್ಲಿನಲ್ಲಿ ಕಿಟಕಿ ಸಿಕ್ಕಿತ್ತು.
ಮನೆಗೆಂದು ಕಟ್ಟಿಸಿದ ಪೊಟ್ಟಣ ಬಿಚ್ಚಿ
ವಿಕ್ರೋಳಿ ದಾಟುವಾಗ ಒಂದು ವಡೆ ಮುರಿದು ತಿಂದೆ,
ಆರು ವರ್ಷದಲ್ಲಿ ಮೊದಲ ಸಲ.
ಉಪ್ಪು ತುಸು ಕಮ್ಮಿ.
ಕೊಗ್ಗಣ್ಣನಿಗೆ ಹೇಳಬೇಕು.